ಅಕ್ಕಯ್ಯನ ಆಯುಧಪೂಜೆ

ಕೆಲಸ ಅರ್ಧಕ್ಕೆ ಬಿಟ್ಟು ಹೋದವನನ್ನು ಮನೆಯೊಳಗೆ ಕೂತು ಬಯ್ಯುವುದು ನಮ್ಮ ಕಡೆಯ ಪದ್ಧತಿ. ಕಾಫಿ ಕುಡಿಯುತ್ತ ಬಯ್ಯುತ್ತೇವೆ, ಬಂದ ನೆಂಟರಿಗೆಲ್ಲ ಅರ್ಧ ಎದ್ದ ಗೋಡೆ ತೋರಿಸಿ ಬಯ್ಯುತ್ತೇವೆ. ಅವನೇ ಸಂತೆಯಲ್ಲಿ ಎದುರಾದರೆ ಮಾತ್ರ "ಏನ್ ಮೇಸ್ತ್ರೀ, ಚೆನ್ನಾಗಿದ್ದೀರಾ? ಬಿಡುವಾದಾಗ ಒಂದ್ಸಲ ಬಂದೋಗಿ" ಎಂದು ಹಲ್ಲು ಬಿಡುತ್ತೇವೆ. ಅಕ್ಕಯ್ಯ ಹಾಗಲ್ಲ. ಬಯ್ಯಬೇಕು ಅನ್ನಿಸಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ, ಅವನ ಮನೆ ಬಾಗಿಲವರೆಗೂ ನಡೆದು ಹೋಗಿ ಬಯ್ಯುತ್ತಿದ್ದರು. ಬಯ್ದು ಮುಗಿದ ಮೇಲೆ ಅವನ ಹೆಂಡತಿಯ ಕೈಯಲ್ಲೇ ನೀರು ಇಸಿದುಕೊಂಡು ಕುಡಿದು, "ಬತ್ತೀನಿ ಕಣವ್ವ" ಎಂದು ಹೇಳಿ ಎದ್ದು ಬರುತ್ತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಜ್ವರ ಎಂದು ಮಲಗಿದವರು ಮೇಲೇಳಲಿಲ್ಲ. ಊರೆಲ್ಲ ಅಕ್ಕಯ್ಯ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ, ಇಲ್ಲಿಗೂ ಅಷ್ಟು ಸಾಕು. ಹೆಸರು ಹಾಕಿ ಬರೆದರೆ "ಪೇಪರ್‌ನಾಗೆ ಹಾಕ್ಸಕ್ಕೆ ನಾನೇನ್ ಎಲೆಕ್ಷನ್‌ಗೆ ನಿಂತಿದ್ನೇನೇ?" ಎಂದು ಅಲ್ಲಿಂದಲೇ ಗದರಿಸಿಯಾರು.

ನಾನು ಬಿಳಿಗೆರೆಯಿಂದ ತುಸು ಒಳಗಿರುವ ಈ ಊರಿನ ಶಾಲೆಗೆ ಟೀಚರಾಗಿ ಬಂದವಳು. ಅಕ್ಕಯ್ಯನ ಪಕ್ಕದ ಮನೆ ಬಾಡಿಗೆಗೆ ಸಿಕ್ಕಿತು. ಬಂದ ವಾರವೇ ನಲ್ಲಿಯಲ್ಲಿ ನೀರಿಲ್ಲ. ಹಿತ್ತಿಲಲ್ಲಿ ಖಾಲಿ ಕೊಡ ಹಿಡಿದುಕೊಂಡು ನೀರಗಂಟಿಯ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಬೇಲಿಯಾಚೆಯಿಂದ ಒಂದು ಗಟ್ಟಿ ಗಂಟಲು ಕೇಳಿಸಿತು.

"ಯಾರಿಗ್ ಹೇಳ್ತಿದ್ದೀಯೇ ಮೇಷ್ಟ್ರಮ್ಮ? ಗೋಡೆಗಾ?"

ನಾನು ನಾಚಿಕೊಂಡು ನೀರು ಬಂದಿಲ್ಲ ಎಂದೆ.

"ಗೋಡೆಗೆ ಕಿವಿ ಐತೆ ಅಂತಾರೆ, ನಂಬ್ಬೇಡ. ನೀರಗಂಟಿಗೆ ಐತೆ ಕಿವಿ. ಬಾ, ಮನೆ ತೋರುಸ್ತೀನಿ."

ಹೀಗೆ ನಮ್ಮ ಪರಿಚಯವಾಯಿತು. ಅವರಿಗೆ ನಾನು ಕೊನೆವರೆಗೂ ಮೇಷ್ಟ್ರಮ್ಮನೇ. ಎತ್ತರದ ಹೆಂಗಸು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಲಗಾಲು ಸ್ವಲ್ಪ ಎಳೆದು ನಡೆಯುವ ನಡಿಗೆ. ಯಾರಾದರೂ ಉದ್ದಕ್ಕೆ ಸಬೂಬು ಹೇಳತೊಡಗಿದರೆ ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳುವರು. ಆಮೇಲೆ, "ಮಾತ್ ಮುಗೀತಲ್ಲ, ಈಗ ಕೆಲ್ಸ ಹೇಳು" ಎನ್ನುವರು. ಈ ಮಾತಿಗೆ ನಮ್ಮ ಊರಿನಲ್ಲಿ ಉತ್ತರ ಕಂಡುಹಿಡಿದವರಿಲ್ಲ.

ಬೈಗುಳ ಅವರ ಮೊದಲನೇ ಮದ್ದು. ಅದಕ್ಕೆ ಬಗ್ಗದವರಿಗೆ ಎರಡನೆಯದು ಮರ್ಯಾದೆ. ಜನ ಹೆಚ್ಚು ಹೆದರುತ್ತಿದ್ದದ್ದು ಆ ಮರ್ಯಾದೆಗೇ. ದಬ್ಬೇಘಟ್ಟದ ಕಡೆಯಿಂದ ಬರುವ ಒಂದು ಬಸ್ಸು ನಮ್ಮೂರ ಗೇಟಿನ ಸ್ಟಾಪಿನಲ್ಲಿ ಶಾಲೆ ಮಕ್ಕಳನ್ನು ಕಂಡರೆ ನಿಲ್ಲಿಸದೆ ಹಾರನ್ ಹೊಡೆದು ಹೋಗುತ್ತಿತ್ತು. ಅಕ್ಕಯ್ಯ ಎರಡು ಸಲ ಬಯ್ದು ನೋಡಿದರು. ಮೂರನೇ ಸಲ ತಟ್ಟೆಯಲ್ಲಿ ಅರಿಶಿನ ಕುಂಕುಮ, ಕರ್ಪೂರ, ತೆಂಗಿನಕಾಯಿ ಇಟ್ಟುಕೊಂಡು ರಸ್ತೆ ಮಧ್ಯೆ ನಿಂತರು. ಬಸ್ಸು ಕಿರ್ರೆಂದು ನಿಂತಿತು. ಅಕ್ಕಯ್ಯ ಬಸ್ಸಿನ ಮುಖಕ್ಕೆ ಕುಂಕುಮ ಹಚ್ಚಿ, ಆರತಿ ಎತ್ತಿ, ಕಾಯಿ ಒಡೆದು, ಡ್ರೈವರ್‌ಗೆ ಕೈಮುಗಿದು, "ದೇವ್ರು ದರ್ಶನ ಕೊಡೋದೇ ಅಪರೂಪ ಕಣಪ್ಪ, ಅದಕ್ಕೆ ಪೂಜೆ ಮಾಡ್ದೆ" ಎಂದರು. ಬಸ್ಸಿನೊಳಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನದಿಂದ ಮಕ್ಕಳು ಓಡಿ ಬರುವವರೆಗೂ ಬಸ್ಸು ಕಾಯುತ್ತಿತ್ತು.

ಇಷ್ಟು ಹೇಳಿದರೆ ಅವರ ಸ್ವಭಾವ ತಿಳಿಯಿತು. ಆದರೆ ಅಕ್ಕಯ್ಯ ಎಂದರೆ ನನಗೆ ನೆನಪಾಗುವುದು ಆ ವರ್ಷದ ಅಟ್ಟ.

ಅವರ ಗಂಡ ತೀರಿಕೊಂಡ ಮೇಲೆ ತೋಟ ಕಾಗದದಲ್ಲಿ ಅಕ್ಕಯ್ಯನ ಹೆಸರಿಗೆ ಬಂತು, ಕಾರುಬಾರು ಮೈದುನನ ಕೈಗೆ ಹೋಯಿತು. ಮಕ್ಕಳಿಲ್ಲದ ಹೆಂಗಸು, ಅವಳಿಗೇನು ತಿಳಿಯುತ್ತೆ ಎಂದು ಅವನೇ ಕಾಯಿ ಕೀಳಿಸಿ, ಹಸಿಕಾಯಿಯನ್ನೇ ಲಾರಿಯವರಿಗೆ ಕೊಟ್ಟು, ಅತ್ತಿಗೆಯ ಕೈಗೆ ತನಗೆ ತೋಚಿದಷ್ಟು ಇಡುತ್ತಿದ್ದ. ಒಂದು ವರ್ಷ ಅಕ್ಕಯ್ಯ ಬಸವಣ್ಣನ ಗುಡಿ ಜಗಲಿಯಲ್ಲಿ ಹಿರಿಯರನ್ನು ಕೂರಿಸಿ, "ಈ ಸಲ ಕಾಯಿ ಮಾರಲ್ಲ. ನಾನೇ ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡ್ತೀನಿ" ಎಂದುಬಿಟ್ಟರು.

ಮೈದುನ ನಕ್ಕ. "ಅತ್ಗೆ, ಅಟ್ಟ ಅಂದ್ರೆ ಹಪ್ಪಳ ಒಣಗ್ಸಿದಂಗಲ್ಲ. ಕೊಬ್ಬರಿ ಕೆಟ್ರೆ?"

"ಕೆಟ್ರೆ ತೋಟ ನಿನ್ ಉಸ್ತುವಾರಿಗೇ ಬುಡ್ತೀನಿ, ಇನ್ ಸಾಯೋಗಂಟ ಕೇಳಲ್ಲ. ಚೆನ್ನಾಗ್ ಬಂದ್ರೆ ನೀನು ನನ್ ತೋಟದ ಬೇಲಿ ದಾಟಂಗಿಲ್ಲ. ಒಪ್ತೀಯಾ?"

ಅವನು ತಕ್ಷಣ ಒಪ್ಪಿದ. ಒಪ್ಪದೆ ಏನು? ಅಕ್ಕಯ್ಯನ ಅಟ್ಟದ ಮನೆಯ ತೊಲೆಗಳಿಗೆ ಗೆದ್ದಲು ಹಿಡಿದದ್ದು ಅವನಿಗೆ ಗೊತ್ತಿತ್ತು.

ನಮ್ಮ ಸೀಮೆಯವರಲ್ಲದವರಿಗೆ ಇದನ್ನೊಂದು ಹೇಳಬೇಕು. ನಮ್ಮಲ್ಲಿ ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಗಡಗಡ ಅನ್ನಬೇಕು. ಅಲ್ಲಿಯವರೆಗೆ ಮೇಲಿನಿಂದ ನೀರು ತಾಗಬಾರದು, ಕೆಳಗಿನಿಂದ ತಂಪು ಏರಬಾರದು. ನಡುವೆ ಇಳಿಸಿ ನೆಲಕ್ಕೆ ಹಾಕಿದರೂ ಕೆಟ್ಟಿತು. ಅಂದರೆ ಅಕ್ಕಯ್ಯನ ತೋಟ ಆ ವರ್ಷ ಪೂರ್ತಿ ಒಂದು ಸೂರಿನ ಕೆಳಗೆ ಇತ್ತು, ಸೂರು ಒಬ್ಬ ಕಂಟ್ರಾಕ್ಟರನ ಕೈಯಲ್ಲಿತ್ತು.

ಈ ಕಂಟ್ರಾಕ್ಟರನ ಬಗ್ಗೆಯೂ ಎರಡು ಮಾತು. ಗಾರೆ ಮೇಸ್ತ್ರಿಯಾಗಿದ್ದವನು, ಕೆಲಸ ಬಲು ಚೊಕ್ಕ. ಒಂದು ಮೋಟರ್ ಬೈಕು, ಎರಡು ಫೋನು, ಇಸ್ತ್ರಿ ಹಾಕಿದ ಬಿಳಿ ಅಂಗಿ ಬಂದ ಮೇಲೆ ಕಂಟ್ರಾಕ್ಟರ್ ಆದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸಲೀಸಾಗಿ ಬಿಟ್ಟುಬಿಡಬಹುದಿತ್ತು. ಅವನಿಗೆ ಯಾರಿಗೂ ಆಗಲ್ಲ ಎಂದು ಹೇಳಲು ಬರುತ್ತಿರಲಿಲ್ಲ, ಅದೇ ರೋಗ. ಯಾರು ಕರೆದರೂ ಹೋಗಿ ಗೋಡೆ ಒಡೆದು ಬರುವನು. ತುರುವೇಕೆರೆಯಿಂದ ಸಂಪಿಗೆವರೆಗೂ ಅವನು ಒಡೆದು ಬಿಟ್ಟ ಗೋಡೆಗಳಿದ್ದವು, ಅಗೆದು ಬಿಟ್ಟ ಪಾಯಗಳಿದ್ದವು.

ಅವನ ಬಳಿ ಒಂದು ಉಪಾಯವಿತ್ತು. ಕೆಲಸ ಬಿಟ್ಟು ಹೋಗುವಾಗ ಸಾಮಾನು ಒಯ್ಯುತ್ತಿರಲಿಲ್ಲ. ಒಂದು ಮನೆಯಲ್ಲಿ ಗಾರೆ ಹಚ್ಚುವ ಕರಣೆ, ಇನ್ನೊಂದರಲ್ಲಿ ಸಿಮೆಂಟು ಹೊರುವ ಬಾಂಡ್ಲಿ, ಮತ್ತೊಂದರಲ್ಲಿ ಮಟ್ಟ ನೋಡುವ ರಸಮಟ್ಟ. "ಸಾಮಾನ್ ಇಲ್ಲೇ ಐತಲ್ಲ ಸ್ವಾಮಿ, ನಾನೆಲ್ಲಿಗೋಯ್ತೀನಿ?" ಎಂದು ಹೇಳುವನು. ಸಾಮಾನು ಇದೆಯೆಂದರೆ ಮನುಷ್ಯ ಬರುತ್ತಾನೆ ಎಂದು ಜನ ನಂಬಿಕೊಂಡು ಕೂರುವರು. ತಿಂಗಳುಗಟ್ಟಲೆ ಕರಣೆಯ ಮುಖ ನೋಡಿಕೊಂಡು ಇದ್ದವರನ್ನು ನಾನೇ ಕಂಡಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಅಟ್ಟದ ಮನೆಗೆ ಕೈ ಹಾಕುತ್ತೇನೆ ಅಂದವನು ಕಾಯಿ ಅಟ್ಟಕ್ಕೇರಿ, ಮುಂಗಾರು ಮುಗಿದು, ಗೌರಿಹಬ್ಬ ಕಳೆದ ಮೇಲೆ ಬಂದ. ಅಷ್ಟರಲ್ಲಿ ತೊಲೆಯೊಂದು ಜಗ್ಗಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಒಂದು ಮಗ್ಗುಲು ಹೆಂಚು ಇಳಿಸಿ, ಹೊಸ ತೊಲೆ ಕೂರಿಸಿ, ನೀಲಿ ಟಾರ್ಪಾಲು ಹೊದಿಸಿದ. ಹೆಂಚು ಅಂಗಳದಲ್ಲಿ ರಾಶಿ ಬಿತ್ತು. ಒಂದು ಸಾಯಂಕಾಲ ಕೈ ತೊಳೆದುಕೊಂಡು "ಬತ್ತೀನಕ್ಕಯ್ಯ" ಎಂದು ಗಾಡಿ ಒದ್ದ.

ನಾವು ಯಾರೂ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲವಲ್ಲ, ಅಪಶಕುನ. ಹೋಗುವವನೂ ಬತ್ತೀನಿ ಎನ್ನಬೇಕು, ಬರುವವನೂ ಬತ್ತೀನಿ ಎನ್ನಬೇಕು. ಈ ಕಂಟ್ರಾಕ್ಟರನಂಥವರಿಗೆ ಇದರಿಂದ ಬಹಳ ಅನುಕೂಲವಾಗಿದೆ.

ಅವನು ಬರಲಿಲ್ಲ. ಹಸ್ತಾ ಮಳೆ ಮಾತ್ರ ಬಂತು. ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ನಿಂತು, ಒಂದು ಮೂಲೆ ಹರಿದು, ಅಟ್ಟಕ್ಕೆ ಸುರಿಯಿತು. ನಾನೂ ಅಕ್ಕಯ್ಯನೂ ಏಣಿ ಹತ್ತಿ, ಮನೆಯಲ್ಲಿದ್ದ ಗೋಣಿಚೀಲ, ಹಳೇ ಸೀರೆ, ನನ್ನ ಶಾಲೆಯ ಹಳೇ ಬ್ಯಾನರು, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದೆವು. ಇಳಿದು ಬಂದು ಅಕ್ಕಯ್ಯ ಒದ್ದೆ ಸೆರಗು ಹಿಂಡಿಕೊಂಡರು.

ಅದೇ ಹೊತ್ತಿಗೆ ಮೈದುನ ಬೇಲಿಯಾಚೆ ನಿಂತು ಕೇಳಿದ. "ಅತ್ಗೆ, ಟಾರ್ಪಾಲು ಗಟ್ಟಿ ಐತಾ?"

"ನಿನ್ ನಾಲಿಗೆಯಷ್ಟು ಗಟ್ಟಿ ಇಲ್ಲ, ಹೋಗಪ್ಪ" ಎಂದರು ಅಕ್ಕಯ್ಯ.

ಅವರು ಕಂಟ್ರಾಕ್ಟರನ ಮನೆಗೆ ನಡೆದು ಹೋಗಿ ಬಯ್ದು ಬಂದರು. ಅವನು ಕೈಮುಗಿದು, "ತಪ್ಪಾಯ್ತಕ್ಕಯ್ಯ, ಬೆಳಿಗ್ಗೆ ಬಂದೇ ಬತ್ತೀನಿ" ಅಂದ. ಬೆಳಿಗ್ಗೆ ಎರಡು ಫೋನೂ ಸ್ವಿಚ್ ಆಫ್. ಮತ್ತೆ ಹೋದರು, ಮತ್ತೆ ಬಯ್ದರು, ಮತ್ತೆ ಅದೇ ಉತ್ತರ. ಬೇರೆ ಮೇಸ್ತ್ರಿಯನ್ನು ಕರೆದರೆ, "ಇನ್ನೊಬ್ರು ಕೈ ಹಾಕಿದ್ ಕೆಲ್ಸಕ್ಕೆ ನಾವ್ ಬರಲ್ಲ ಕಣಮ್ಮ, ನಮ್ಮನಮ್ಮಲ್ಲಿ ಸರಿ ಇರಲ್ಲ" ಎಂದು ಜಾರಿಕೊಂಡರು.

ನಾನು ಕುದ್ದುಹೋಗಿದ್ದೆ. "ಅಕ್ಕಯ್ಯ, ಪೊಲೀಸ್ ಕಂಪ್ಲೇಂಟ್ ಕೊಡೋಣ. ನಾನೇ ಬರೆದುಕೊಡ್ತೀನಿ."

ಅಕ್ಕಯ್ಯ ಜಗಲಿ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದರು. "ಸ್ಟೇಷನ್‌ಗೆ ಎಳುದ್ರೆ ಅವ್ನು ಶತ್ರು ಆಯ್ತಾನೆ ಕಣೇ. ಶತ್ರು ಕೈಲಿ ಸೂರು ಹೊದುಸ್ಕಳಕ್ಕಾಯ್ತದಾ? ನಾಕ್ ಹೆಂಚು ಸಡ್ಲ ಬುಟ್ಟು ಹೋದ್ರೆ ನಮಗೇನ್ ತಿಳೀತದೆ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ನನಗೆ ಬೇಕಾಗಿರೋದು ಹೆಂಚು."

ಅವರ ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಸಾಮಾನಿನ ಮೇಲೆ ಹೋಯಿತು. ಒಂದು ಕರಣೆ, ಒಂದು ತೂಗುಗುಂಡು, ಸಿಮೆಂಟು ಮೆತ್ತಿದ ಬಾಂಡ್ಲಿ. ಸುಮ್ಮನೆ ನೋಡುತ್ತಾ ಇದ್ದವರು ಇದ್ದಕ್ಕಿದ್ದಂತೆ, "ಮಾರ್ನವಮಿ ಹತ್ರ ಬಂತಲ್ವೇನೇ ಮೇಷ್ಟ್ರಮ್ಮ?" ಎಂದರು. ಎದ್ದವರೇ ಬಾಂಡ್ಲಿಯನ್ನು ಕಲ್ಲಿಗೆ ಉಜ್ಜತೊಡಗಿದರು. ಈ ಹೆಂಗಸಿಗೆ ಬುದ್ಧಿಗಿದ್ಧಿ ಕೆಟ್ಟಿತೇ ಎಂದುಕೊಂಡೆ.

ಮಾರನೆಯ ದಿನ ಒಂದು ಲಗೇಜ್ ಆಟೋ ಮಾಡಿಕೊಂಡು ಹೊರಟರು. ಭಾನುವಾರವಾದ್ದರಿಂದ ನನ್ನನ್ನೂ ಎಳೆದುಕೊಂಡರು. ಕಂಟ್ರಾಕ್ಟರ್ ಅರ್ಧ ಬಿಟ್ಟ ಮನೆಗಳಿಗೆಲ್ಲ ಹೋದೆವು. ದಬ್ಬೇಘಟ್ಟದಲ್ಲಿ ಹಿಟ್ಟಿನ ಗಿರಣಿಯವರ ಬಚ್ಚಲಿಗೆ ಬಾಗಿಲಿರಲಿಲ್ಲ, ಮನೆಮಂದಿ ಹಾಡು ಹೇಳಿಕೊಂಡು ಸ್ನಾನ ಮಾಡುತ್ತಿದ್ದರು. ಸಂಪಿಗೆಯಲ್ಲಿ ಒಬ್ಬ ಟೈಲರಮ್ಮನ ಮನೆಯ ಮೆಟ್ಟಿಲು ಅರ್ಧದವರೆಗೆ ಏರಿ ಗಾಳಿಯಲ್ಲಿ ನಿಂತಿತ್ತು. ಅಕ್ಕಯ್ಯ ಎಲ್ಲರಿಗೂ ಕುಂಕುಮ ಕೊಟ್ಟು, ಅದೇ ಮಾತು ಹೇಳಿದರು.

"ಅವನ್ ಸಾಮಾನು ನಿಮ್ಮನೇಲೂ ಐತಲ್ಲ, ಕೊಡಿ. ಆಯುಧಪೂಜೆ ಈ ಸಲ ನಮ್ಮನೇಲಿ. ನೀವೂ ಬರ್ಬೇಕು, ಒಬ್ಬಟ್ಟಿನ ಊಟ. ಆದ್ರೆ ಒಂದ್ ಮಾತು. ಯಾರೂ ಅವನ್ನ ಒಂದ್ ಬೈಗುಳಾನೂ ಬಯ್ಯಂಗಿಲ್ಲ."

"ಬಯ್ದೇ ಇರಕ್ಕಾಯ್ತದಾ ಅಕ್ಕ?" ಎಂದಳು ಟೈಲರಮ್ಮ. "ಗಂಟ್ಲವರ್ಗೂ ತುಂಬ್ಕೊಂಡಿದ್ದೀನಿ."

"ನುಂಗ್ಕೊ. ಮೇಲೆ ಒಬ್ಬಟ್ಟು ಹಾಕ್ತೀನಿ."

ಆಟೋದಲ್ಲಿ ಕರಣೆ, ಏಣಿ, ಜರಡಿ, ಗುದ್ದಲಿ, ರಸಮಟ್ಟ ಎಲ್ಲ ತುಂಬಿ ತುಳುಕಿದವು. ವಾಪಸು ಬರುವ ದಾರಿಯಲ್ಲಿ ಅಕ್ಕಯ್ಯ ಕಂಟ್ರಾಕ್ಟರನ ಮನೆ ಮುಂದೆ ಇಳಿದರು. ಅವನಿರಲಿಲ್ಲ. ಬೇಕಾದದ್ದೂ ಅವನಲ್ಲ. ಅವನ ಹೆಂಡತಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ ಕೊಟ್ಟು, "ನಿಮ್ ಯಜಮಾನ್ರ ಸಾಮಾನೆಲ್ಲ ನಮ್ಮನೇಲಿ ಪೂಜೆಗೆ ಕೂರುಸ್ತಾ ಇದ್ದೀನಿ ಕಣವ್ವ. ಮಕ್ಕಳುಮರಿ ಎಲ್ಲ ಬಂದ್ಬುಡಿ" ಎಂದರು.

ಆ ಹೆಣ್ಣುಮಗಳ ಮುಖ ಬಿಳಿಚಿಕೊಂಡಿತು. "ಅಯ್ಯೋ! ಸಾಮಾನೆಲ್ಲ ಗೋಡೌನ್‌ನಾಗೆ ಐತೆ ಅಂದ್ರಲ್ಲಕ್ಕಯ್ಯ ಅವ್ರು? ಕಸುಬಿನ ಸಾಮಾನು ಕಂಡೋರ್ ಮನೇಲಿ ಪೂಜೆಗೆ ಕೂತ್ರೆ..."

"ನಾವೇನ್ ಕಂಡೋರಾ? ಬಾರವ್ವ."

ಆಯುಧಪೂಜೆಯ ದಿನ ಅಕ್ಕಯ್ಯನ ಜಗಲಿ ನೋಡಬೇಕಿತ್ತು. ಕೆಂಪು ಬಟ್ಟೆ ಹಾಸಿ, ಅಷ್ಟೂ ಸಾಮಾನು ಸಾಲಾಗಿ ಕೂರಿಸಿದ್ದರು. ಉಜ್ಜಿ ಉಜ್ಜಿ ಕರಣೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಪ್ರತಿಯೊಂದಕ್ಕೂ ವಿಭೂತಿ ಕುಂಕುಮ, ಚೆಂಡುಹೂವು. ಏಣಿಗೆ ಬಾಳೆಕಂದು. ಅಂಗಳದ ತುಂಬ ಅರ್ಧ ಮನೆಯವರು, ಅಂದರೆ ಮನೆ ಅರ್ಧವಾದವರು, ಒಳ್ಳೆ ಬಟ್ಟೆ ಹಾಕಿಕೊಂಡು, ತುಟಿ ಬಿಗಿಹಿಡಿದುಕೊಂಡು ಕೂತಿದ್ದರು. ಮೈದುನನೂ ತಮಾಷೆ ನೋಡಲು ಬೇಲಿಯ ಹತ್ತಿರ ಬಂದಿದ್ದ.

ಕಂಟ್ರಾಕ್ಟರ್ ಬಂದ. ಹೆಂಡತಿ ಮುಂದೆ, ಮಕ್ಕಳು ನಡುವೆ, ಅವನು ಕೊನೆಗೆ. ಬಿಳಿ ಪಂಚೆ ಉಟ್ಟಿದ್ದ. ಅಂಗಳಕ್ಕೆ ಕಾಲಿಟ್ಟವನು ಜಗಲಿ ನೋಡಿದ, ಜನರನ್ನು ನೋಡಿದ, ಮತ್ತೆ ಜಗಲಿ ನೋಡಿದ. ಇನ್ನೇನು ತಿರುಗಿ ಓಡುತ್ತಾನೆ ಎಂದುಕೊಂಡೆ.

"ಬಾಪ್ಪ ಬಾ" ಎಂದರು ಅಕ್ಕಯ್ಯ. "ನಿನಗೇ ಕಾಯ್ತಿದ್ವಿ. ಯಜಮಾನ ನೀನು, ನೀನೇ ಮಂಗಳಾರತಿ ಎತ್ತು."

ಅವನು ತಟ್ಟೆ ಹಿಡಿದ. ಒಂದೊಂದೇ ಸಾಮಾನಿಗೆ ಆರತಿ ತೋರಿಸುತ್ತ ಹೋದ. ಒಂದು ರಸಮಟ್ಟದ ಮುಂದೆ ನಿಂತು, ಮೆಲ್ಲಗೆ, "ಇದು ಎಲ್ಲಿತ್ತು? ಕಳ್ದೋಯ್ತು ಅನ್ಕೊಂಡಿದ್ದೆ" ಎಂದ.

"ನಮ್ ಬಚ್ಚಲ್‌ಮನೇಲಿತ್ತು ಸ್ವಾಮಿ" ಎಂದರು ಗಿರಣಿಯವರು, ಬಹಳ ವಿನಯದಿಂದ.

"ಏಣಿ ನಮ್ ಮೆಟ್ಲಿಗೆ ಒರಗಿತ್ತಣ್ಣ" ಎಂದಳು ಟೈಲರಮ್ಮ. ಅವಳ ಗಂಟಲು ಉಬ್ಬಿತ್ತು, ಪಾಪ.

ಅವನ ಹೆಂಡತಿ ಪ್ರತಿಯೊಬ್ಬರು ಹೇಳುವುದನ್ನೂ ಕೇಳಿಸಿಕೊಂಡಳು, ಗಂಡನ ಮುಖವನ್ನು ಒಂದು ಸಲ ನೋಡಿದಳು. ಯಾರೂ ಕೆಲಸದ ಮಾತೆತ್ತಲಿಲ್ಲ. ಬೂದುಗುಂಬಳ ಒಡೆದೆವು, ಊಟಕ್ಕೆ ಕೂತೆವು. ಅಕ್ಕಯ್ಯ ಅವನ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿ, ತಾವೇ ತುಪ್ಪ ಬಡಿಸಿದರು. ಅವನು ತಲೆ ಎತ್ತದೆ ತಿಂದ. ಒಬ್ಬಟ್ಟು ಅಷ್ಟು ಕಷ್ಟಪಟ್ಟು ನುಂಗುವವನನ್ನು ನಾನು ನೋಡಿರಲಿಲ್ಲ.

ಊಟವಾದ ಮೇಲೆ ಸಾಮಾನು ಬಾಚಿಕೊಂಡು ಹೊರಡಲು ನೋಡಿದ. ಅಕ್ಕಯ್ಯ ಅಡ್ಡ ಬಂದರು.

"ಪೂಜೆಗೆ ಕೂತಿದ್ದನ್ನ ಇವತ್ತು ಕದಲುಸ್ತಾರೇನಪ್ಪ? ನಾಳೆ ದಶಮಿ. ನಾಳೆ ಬಂದು, ಕೂತ್ ಜಾಗದಲ್ಲೇ ಕೈಗೆತ್ಕಂಡು, ಅಲ್ಲೇ ಒಂದ್ ಕೆಲ್ಸ ಮುಟ್ಟಿ, ಆಮೇಲೆ ತಗಂಡೋಗು. ಶಾಸ್ತ್ರ ನಿನಗೆ ನಾನ್ ಹೇಳ್ಬೇಕಾ?"

ಅವನು ಏನೋ ಗೊಣಗಲು ಬಾಯಿ ತೆಗೆದ. ಅವನ ಹೆಂಡತಿ, "ಅಕ್ಕಯ್ಯ ಹೇಳಿದ್ ಸರಿ ಕಣ್ರೀ. ದಶಮಿ ದಿನ ಬರಿಗೈಲಿ ಕೂತ್ರೆ ವರ್ಷ ಪೂರ್ತಿ ಬರಿಗೈ" ಎಂದಳು. ಅವನು ಎತ್ತಿದ್ದ ಕರಣೆಯನ್ನು ಮತ್ತೆ ಅದರ ಜಾಗಕ್ಕೇ ಇಟ್ಟ.

ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅಟ್ಟದ ಮನೆಯ ಮೇಲೆ ಸುತ್ತಿಗೆ ಸದ್ದು. ಆಳುಗಳು ಸಾಲದೆ ಬಂದಾಗ ಅರ್ಧ ಮನೆಯವರೇ ಹೆಂಚು ಹೊತ್ತರು. ಗಿರಣಿಯವರು ಅಂಗಳದಿಂದ ಟೈಲರಮ್ಮನ ಕೈಗೆ, ಟೈಲರಮ್ಮ ನನ್ನ ಕೈಗೆ, ನಾನು ಏಣಿಯ ಮೇಲಿದ್ದವನ ಕೈಗೆ. ಅವರಿಗೆ ಅಕ್ಕಯ್ಯ ಮೊದಲೇ ಹೇಳಿಬಿಟ್ಟಿದ್ದರು: "ಇದು ಮುಗಿಯೋಗಂಟ ಸಾಮಾನು ಈ ಮನೆ ಬುಡಲ್ಲ. ಮುಗಿದ ಮೇಲೆ ಇವನನ್ನ ಗಿರಣಿಯೋರ್ ಕರ್ಕೊಂಡೋಗಿ. ಅವರದ್ದಾದ್ ಮೇಲೆ ಟೈಲರಮ್ಮ. ಹೆಂಚು ದಾಟಿಸ್ದಂಗೆ ಕೈಯಿಂದ ಕೈಗೆ ದಾಟುಸ್ಬೇಕು. ನಡುವೆ ಯಾರೂ ಕೆಳಗಿಕ್ಕಂಗಿಲ್ಲ."

ಚಿತ್ತಾ ಮಳೆ ಬಂದಾಗ ನೆತ್ತಿಯ ಹೆಂಚು ಕೂತಾಗಿತ್ತು. ನಾವೆಲ್ಲ ಅಟ್ಟದ ಕೆಳಗೆ ಕತ್ತೆತ್ತಿಕೊಂಡು ನಿಂತೆವು. ಹೆಂಚಿನ ಮೇಲೆ ಮಳೆ ಭೋರೆಂದು ಸುರಿಯಿತು. ಎಲ್ಲೂ ಒಂದು ತೊಟ್ಟು ಸೋರಲಿಲ್ಲ. ಅಕ್ಕಯ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು, "ಶಿವನೇ" ಎಂದರು.

ಅಟ್ಟದಿಂದ ಕಾಯಿ ಇಳಿಸಿದ್ದು ಯುಗಾದಿ ಆಸುಪಾಸಿನಲ್ಲಿ. ಗುಡಿ ಜಗಲಿಯಲ್ಲಿ ಪಂಥದ ಮಾತು ಕೇಳಿದ್ದ ಹಿರಿಯರೇ ಬಂದು ಕೂತರು. ಮೈದುನ ಮುಂಚಿತವಾಗಿ ಬಂದು, ಯಾವ ಮೂಲೆಯಲ್ಲಿ ಹಸ್ತಾ ಮಳೆ ಬಿದ್ದಿತ್ತೋ ಆ ಮೂಲೆಯ ಕಾಯನ್ನೇ ಆರಿಸಿ ತಂದ. ಒಡೆದರೆ ಒಳಗೆ ಕಪ್ಪು, ಕಮಟು ವಾಸನೆ. ಹಿರಿಯರ ಮುಂದೆ ಹಿಡಿದು, "ನೋಡಿ" ಎಂದ. ಅಕ್ಕಯ್ಯ ಬಾಕಿ ರಾಶಿಯಿಂದ ಕೈಗೆ ಬಂದ ಕಾಯನ್ನು ಎತ್ತಿ, ಹಿರಿಯರ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ ಎಂದಿತು. ಒಡೆದರು, ದುಂಡನೆ ಗಿಟುಕು ಬಿತ್ತು. ಇನ್ನೊಂದು ಒಡೆದರು. ಮತ್ತೊಂದು. ಹಿರಿಯರೇ ಕೊನೆಗೆ, "ಸಾಕ್ ಬುಡು ತಾಯಿ, ಕಣ್ಣು ನಮಗೂ ಕಾಣ್ತದೆ" ಎಂದರು.

"ಆ ಮೂಲೇದು ಕೆಟ್ಟಿರೋದು ನಿಜ" ಎಂದರು ಅಕ್ಕಯ್ಯ ಮೈದುನನ ಕಡೆ ತಿರುಗಿ. "ಅದು ಮಳೆ ಪಾಲು. ತೋಟ ನನ್ ಪಾಲು. ಊಟ ಮಾಡ್ಕೊಂಡ್ ಹೋಗು."

ಅವನು ಊಟ ಮಾಡದೆ ಹೋದ. ಆಮೇಲೆ ಬೇಲಿ ದಾಟಲಿಲ್ಲ. ಅಕ್ಕಯ್ಯ ಸಾಯುವವರೆಗೂ ವರ್ಷ ವರ್ಷ ಅಟ್ಟಕ್ಕೆ ಕಾಯಿ ಹಾಕಿದರು. ಕಂಟ್ರಾಕ್ಟರ್ ಮಾತ್ರ ಬದಲಾಗಲಿಲ್ಲ. ಗಿರಣಿಯವರ ಬಾಗಿಲು, ಟೈಲರಮ್ಮನ ಮೆಟ್ಟಿಲು ಆದವು ನಿಜ, ಬೇರೆ ಕಡೆ ಬೇರೆ ಗೋಡೆ ಒಡೆದ. ಅಕ್ಕಯ್ಯನ ಮನೆಗೆ ಆಗಾಗ ಬರುತ್ತಿದ್ದ. ಅವರು ಬಯ್ಯುವರು, ಅವನು ತಲೆ ತಗ್ಗಿಸಿ ಬಯ್ಸಿಕೊಳ್ಳುವನು, ಮಜ್ಜಿಗೆ ಕುಡಿದು ಹೋಗುವನು. ತಾಯಿಯಿಲ್ಲದೆ ಬೆಳೆದವನಂತೆ. ಅದು ನನಗೆ ತಿಳಿದದ್ದು ಇತ್ತೀಚೆಗೆ.

ಅಕ್ಕಯ್ಯನನ್ನು ಅವರ ತೋಟದಲ್ಲೇ, ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ಪುಣ್ಯತಿಥಿಯ ಶಿವಗಣಾರಾಧನೆಯ ಒಳಗೆ ಸಮಾಧಿಯ ಮೇಲೊಂದು ಕಟ್ಟೆ ಕಟ್ಟಬೇಕು. ಯಾರನ್ನು ಕರೆಯುವುದು ಎಂದು ನಾವು ಮಾತಾಡಿಕೊಳ್ಳುತ್ತಿರುವಾಗಲೇ ಕಂಟ್ರಾಕ್ಟರ್ ಇಟ್ಟಿಗೆ ತುಂಬಿಕೊಂಡು ಬಂದ. ಯಾರೂ ಹೇಳಿ ಕಳಿಸಿರಲಿಲ್ಲ. ಆಳುಗಳನ್ನೂ ತಂದಿರಲಿಲ್ಲ. ಬಿಳಿ ಅಂಗಿ ಬಿಚ್ಚಿ ತೆಂಗಿನ ಮರಕ್ಕೆ ನೇತುಹಾಕಿ, ತಾನೇ ಕಲಸಿ, ತಾನೇ ಇಟ್ಟಿಗೆ ಇಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ.

ನಾನು ಶಾಲೆ ಮುಗಿಸಿ ಹೋದಾಗ ಬಾಂಡ್ಲಿ ತೊಳೆಯುತ್ತಿದ್ದ. ಕಟ್ಟೆಯ ಮೂರು ಮಗ್ಗುಲಿಗೆ ನುಣ್ಣಗೆ ಪ್ಲಾಸ್ಟರಿಂಗ್ ಆಗಿತ್ತು. ನಾಲ್ಕನೆಯ ಮಗ್ಗುಲು ಬರೀ ಇಟ್ಟಿಗೆ.

"ಇದು?" ಎಂದೆ.

"ಅಷ್ಟ್ ಇರ್ಲಿ ಬುಡಿ ಮೇಡಂ."

ನನಗೆ ರೇಗಿಹೋಯಿತು. "ಏನ್ರೀ ಹಾಗಂದ್ರೆ? ಇಲ್ಲೂನಾ? ಅಕ್ಕಯ್ಯನ ಕಟ್ಟೇನೂ ಅರ್ಧಕ್ಕೆ ಬಿಟ್ಟು ಹೋಗ್ತೀರಾ? ನಾಚಿಕೆ ಆಗಲ್ವಾ?"

ಅವನು ಬಾಂಡ್ಲಿ ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ. "ಮುಗುಸ್ಬುಟ್ರೆ ನಮಗೂ ಅಕ್ಕಯ್ಯಂಗೂ ಇನ್ನೇನ್ ಉಳೀತು ಮೇಡಂ? ಬಾಕಿ ಇದ್ರೆ ಅಲ್ಲಾದ್ರೂ ನನ್ನ ನೆನುಸ್ಕಂಡು ಬಯ್ತಿರ್ತಾಳೆ."

ನನ್ನ ಸಿಟ್ಟೆಲ್ಲ ನೀರಾಯಿತು. ಕಣ್ಣು ತುಂಬಿ ಬಂತು. ಅಷ್ಟು ಇಟ್ಟಿಗೆ ಹಾಗೇ ಇರಲಿ, ಅವನದೊಂದು ಆಸೆ ಉಳಿಯಲಿ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಆದರೆ ಅರ್ಧ ಬಿಟ್ಟ ಗೋಡೆಯನ್ನು ಅಕ್ಕಯ್ಯ ಯಾವ ನೆಪಕ್ಕೂ ಒಪ್ಪಿದವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಎದುರು ಬದುವಿನ ಮೇಲೆ ಕೂತೆ.

"ಕಲಸಿ ಸಿಮೆಂಟು. ಮುಗಿಯೋವರೆಗೂ ನಾನು ಏಳಲ್ಲ, ನೀವೂ ಏಳಲ್ಲ. ಬಯ್ಯೋಕೆ ಜನ ಇಲ್ಲ ಅಂತ ಯಾರ್ ಹೇಳಿದ್ರು ನಿಮಗೆ?"

ಅವನು ಬಾಂಡ್ಲಿಯನ್ನು ಮತ್ತೆ ಎಳೆದುಕೊಂಡ. ಕೂತು ಕಲಸಿದ. ಬಿಸಿಲು ಇಳಿಯುವಷ್ಟರಲ್ಲಿ ನಾಲ್ಕನೆಯ ಮಗ್ಗುಲೂ ಆಯಿತು. ಅಂಚು ತೀಡಿ, ಹಿಂದೆ ಸರಿದು, ಎಲ್ಲ ಕಡೆಯಿಂದಲೂ ನೋಡಿದ.

"ಮುಗೀತು ಮೇಡಂ" ಎಂದ.

ಆ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಳಿದವನೇ ಕುಸಿದು ಕೂತು, ಕಟ್ಟೆಯನ್ನು ಹಿಡಿದುಕೊಳ್ಳಲು ಕೈ ಚಾಚಿದ.

"ಕೈ ತೆಗೀರಿ, ಇನ್ನೂ ಹಸಿ ಇದೆ" ಎಂದು ಗದರಿದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಬಯ್ಸಿಕೊಂಡ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.